ಒಂದೇ ಹಾಡಿಗೆ ಎರಡು ಧಾಟಿ

ಮೊನ್ನೆ ನನ್ನ ಸೊಸೆ ಮಹಡಿಯ ಮೇಲೆ ಮೆಣಸಿನಕಾಯಿ ಒಣಹಾಕಲು ಹಳೆಯ ಜಮಖಾನೆಯ ತುಂಡೊಂದನ್ನು ಹಾಸಿದ್ದಳು. "ಟ್ರಂಕಿನ ತಳದಾಗ ಬಿದ್ದಿತ್ತರಿ ಅತ್ತಿ. ಹಾಸಾಕೂ ಬರಂಗಿಲ್ಲ, ಹೊಚ್ಚಾಕೂ ಬರಂಗಿಲ್ಲ" ಎಂದು ಸಮಜಾಯಿಷಿಯನ್ನೂ ಕೊಟ್ಟಳು.

ಆ ತುಂಡಿನಲ್ಲಿ ಎರಡು ನೀಲಿ ಪಟ್ಟಿಗಳ ನಡುವೆ ಒಂದು ಕೆಂಪು ಪಟ್ಟಿ ಇದೆ. ಆ ಕೆಂಪು ಪಟ್ಟಿ ನನ್ನದು. ಇಳಕಲ್ಲಿನ ನಮ್ಮ ಚಿಕ್ಕ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಹೆಂಗಸರ ಕಡೆಯ ಮೊದಲ ಸಾಲಿನ ಮೊದಲ ಜಾಗದಲ್ಲಿ, ಆ ಪಟ್ಟಿಯ ಮೇಲೆ ಕುಳಿತು ನಾನು ವರ್ಷಗಟ್ಟಲೆ ದೇವರನ್ನು ಸ್ತುತಿಸಿದ್ದೇನೆ. ನಿಮ್ಮಲ್ಲಿ ಮುಚ್ಚುಮರೆಯೇಕೆ, ಪಕ್ಕದ ನೀಲಿ ಪಟ್ಟಿಯ ಮೇಲೆ ಕುಳಿತವರನ್ನು ಮನಸ್ಸಿನಲ್ಲೇ ಬೈದೂ ಇದ್ದೇನೆ. ಮುಂದೆ ದೇವಾಲಯಕ್ಕೆ ಬೆಂಚುಗಳು ಬಂದಾಗ ಜಮಖಾನೆಯನ್ನು ಕತ್ತರಿಸಿ ಬೇಕೆಂದವರಿಗೆ ಹಂಚಿದರು. ನನ್ನ ಪಟ್ಟಿ ನನಗೇ ಬರಬೇಕೆಂದು ಹಠ ಹಿಡಿದು ತಂದಿದ್ದೆ. ಈಗ ಅದರ ಮೇಲೆ ಮೆಣಸಿನಕಾಯಿ. ಸೊಸೆಗೆ ನಾನೇನೂ ಅನ್ನಲಿಲ್ಲ. ಅನ್ನದೆ ಬಿಟ್ಟಿದ್ದನ್ನು ನೆನಪಿನಲ್ಲಿಟ್ಟುಕೊಂಡಿದ್ದೇನೆ, ಅಷ್ಟೆ.

ನನ್ನ ಜ್ಞಾಪಕಶಕ್ತಿಯನ್ನು ಕುರಿತು ಬಂಧುಬಳಗದಲ್ಲಿ ಹಗುರವಾದ ಮಾತುಗಳಿವೆ. ಒಂದು ಸಲ ಮನಸ್ಸಿಗೆ ತಾಗಿದ್ದನ್ನು ನಾನು ಮರೆಯುವುದೇ ಇಲ್ಲವಂತೆ. ಇದು ಅಪವಾದವಲ್ಲ, ಸತ್ಯ. ಬಾದಾಮಿಯಲ್ಲಿ ನನ್ನ ಮದುವೆಯ ದಿನ ಹೋಳಿಗೆಗೆ ತುಪ್ಪ ಸಾಲದೆಂದು ಯಾರು ಉಣ್ಣುವ ಮೊದಲು ಗೊಣಗಿದರು, ಯಾರು ಉಂಡು ಕೈ ತೊಳೆದ ಮೇಲೆ ಗೊಣಗಿದರು ಎಂಬ ವ್ಯತ್ಯಾಸವನ್ನೂ ನಾನು ಬಲ್ಲೆ. ಆದರೆ ಮರೆಯದವರು ಕ್ಷಮಿಸಲಾರರು ಎನ್ನುವವರಿಗೆ ಕ್ಷಮೆಯ ವಿಷಯವೇ ತಿಳಿದಿಲ್ಲ. ಮರೆತವರಿಗೆ ಕ್ಷಮಿಸಲು ಉಳಿದಿರುವುದಾದರೂ ಏನು? ಕ್ಷಮೆಗೆ ಬೇಕಾದ ಸಾಮಗ್ರಿಯನ್ನೆಲ್ಲ ಕೆಡದಂತೆ ಕಾಪಾಡಿಕೊಂಡು ಬಂದವಳು ನಾನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಇಳಕಲ್ಲಿನಲ್ಲಿದ್ದೆವು. ನಾನು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ಓಣಿಗೆಲ್ಲ ಅಕ್ಕೋರು. ನಮ್ಮ ಯಜಮಾನರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ದಿನವೆಲ್ಲ ಹುನಗುಂದ, ಬಾಗಲಕೋಟೆ, ಕುಷ್ಟಗಿ ಎಂದು ಕೂಗಿ ಕೂಗಿ ಮನೆಗೆ ಬರುವ ಹೊತ್ತಿಗೆ ಅವರಲ್ಲಿದ್ದ ಮಾತೆಲ್ಲ ಖರ್ಚಾಗಿರುತ್ತಿತ್ತು. ಊರಿನ ಕ್ರೈಸ್ತ ಸಭೆ ಸಣ್ಣದು: ಕೆಲವರು ಶಿಕ್ಷಕರು, ಕೆಲವರು ದವಾಖಾನೆಯವರು, ಗ್ರಾನೈಟಿಗೆ ಪಾಲಿಶ್ ಹಾಕುವ ಕಾರ್ಖಾನೆಯ ಕೆಲಸಗಾರರು, ಒಂದೆರಡು ನೇಕಾರರ ಮನೆತನ. ತಗಡಿನ ಮಾಡು, ಕಲ್ಲುಹಾಸಿನ ನೆಲ, ಅದರ ಮೇಲೆ ಜಮಖಾನೆ. ಸಭಾಪಾಲಕರು, ಅಂದರೆ ಪಾಸ್ಟರ್, ಇದ್ದುದು ಬಾಗಲಕೋಟೆಯಲ್ಲಿ. ತಿಂಗಳಿಗೊಮ್ಮೆ ಪವಿತ್ರ ಭೋಜನದ ಬಟ್ಟಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಆ ಭಾನುವಾರ ನಮ್ಮ ಆರಾಧನೆಯ ವೇಳೆಯನ್ನು ಗಡಿಯಾರ ನಿರ್ಧರಿಸುತ್ತಿರಲಿಲ್ಲ, ಬಸ್ಸು ನಿರ್ಧರಿಸುತ್ತಿತ್ತು. ಉಳಿದ ಭಾನುವಾರಗಳಲ್ಲಿ ಸಭೆಯ ಹಿರಿಯರಾದ ಸಮುವೇಲಪ್ಪನವರು ಆರಾಧನೆ ನಡೆಸುತ್ತಿದ್ದರು. ಅವರು ಪಾಲಿಶ್ ಕಾರ್ಖಾನೆಯ ಮೇಸ್ತ್ರಿ, ಒಳ್ಳೆಯವರು. ಒಳ್ಳೆಯವರಿಂದ ಆದ ಅವಮಾನವೇ ಹೆಚ್ಚು ದಿನ ಉಳಿಯುತ್ತದೆ ಎಂಬುದಕ್ಕೆ ಅವರೇ ನಿದರ್ಶನ. ಅದು ಮುಂದಿನ ಮಾತು.

ನಮ್ಮ ಪಕ್ಕದ ಮನೆಯವಳು ಗಂಗವ್ವ. ಗಂಡನ ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತ ಬಾಗಿಲಲ್ಲೇ ಕುಳಿತಿರುತ್ತಿದ್ದಳು. ಎದೆಯ ಮೇಲೆ ಲಿಂಗ, ತುಟಿಯ ಮೇಲೆ ಯಾವಾಗಲೂ ಒಂದು ಪ್ರಶ್ನೆ. ಒಂದು ಭಾನುವಾರ ಕೊಡೆ ಬಿಚ್ಚಿಕೊಂಡು ಹೊರಟ ನನ್ನನ್ನು ತಡೆದಳು.

"ಅಕ್ಕೋರ, ಒಂದ ಮಾತ ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗೂ ಮಾತಿದ್ರ ಆಗ್ತೇನಿ. ಕೇಳು."

"ನಮ್ಮ ದೇವರು ನೋಡ್ರಿ, ಎದಿಮ್ಯಾಗ ಅದಾನ. ಬೇಕಂದಾಗ ಅಂಗೈಯಾಗ ಹಿಡಕೊಂಡು ಮಾತಾಡ್ತೇನಿ. ನಿಮ್ಮ ದೇವರು ಪ್ಯಾಟಿ ದಾಟಿ ಯಾಕ ಮನಿ ಮಾಡ್ಯಾನ್ರಿ? ಇಂಥಾ ಬಿಸಲಾಗ ವಾರಾವಾರಾ ಹೋಗ್ತೀರಿ. ಮನ್ಯಾಗ ಸಿಗಂಗಿಲ್ಲೇನು?"

"ನಮ್ಮ ದೇವರು ಎಲ್ಲಾ ಕಡೆ ಅದಾನ" ಎಂದೆ, ಶಾಲೆಯ ದನಿಯಲ್ಲಿ.

"ನಿಮ್ಮ ಅಡಗಿಮನ್ಯಾಗೂ?"

"ಅಲ್ಲೂ."

"ಮತ್ತ ಅಲ್ಲೇ ಭೆಟ್ಟಿ ಆಗ್ರೆಲಾ! ಚಪ್ಪಲಿ ಸವೆಯೂದರ ತಪ್ಪತೈತಿ."

ನನ್ನ ಬಳಿ ಉತ್ತರಗಳಿದ್ದವು. ದೇವರ ಆಜ್ಞೆಯ ಉತ್ತರ, ಹಿರಿಯರ ಪದ್ಧತಿಯ ಉತ್ತರ, ಮಕ್ಕಳಿಗೆ ಒಳ್ಳೆಯ ರೂಢಿಯಾಗಲಿ ಎಂಬ ಉತ್ತರ. ಒಂದೊಂದನ್ನೂ ಮನಸ್ಸಿನಲ್ಲೇ ಗಂಗವ್ವನ ಮುಂದಿಟ್ಟು ನೋಡಿದೆ, ಒಂದೂ ನಿಲ್ಲಲಿಲ್ಲ. "ಬಂದಮ್ಯಾಗ ಹೇಳ್ತೇನಿ" ಎಂದು ನಡೆದೆ. ಬಂದ ಮೇಲೆ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋದೆ.

ಈಗ ಹಾಡಿನ ವಿಷಯ. ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ಪೇಟಿ ಇರಲಿಲ್ಲ, ತಬಲಾ ಇರಲಿಲ್ಲ. ಯಾರಾದರೊಬ್ಬರು ರಾಗ ಎತ್ತಬೇಕು, ಉಳಿದವರು ಹಿಂಬಾಲಿಸಬೇಕು. ನಾನು ಆ ಊರಿಗೆ ಬಂದ ದಿನದಿಂದ ಎತ್ತುತ್ತಿದ್ದವಳು ನಾನೇ. ನನ್ನ ಧಾಟಿ ಬಾದಾಮಿಯದು. ನನ್ನ ಅವ್ವ ಮತ್ತು ಚಿಗವ್ವ ಬೆಳಗಿನ ಹೊತ್ತು ಬೀಸುವ ಕಲ್ಲಿಗೆ ಎದುರುಬದುರಾಗಿ ಕುಳಿತು, ದೇವಾಲಯದ ಹಾಡುಗಳನ್ನು ಬೀಸುವ ಪದಗಳ ಧಾಟಿಗೆ ಹಾಕಿಕೊಂಡು ಹಾಡುತ್ತಿದ್ದರು. ಜೋಳದ ಹಿಟ್ಟು ಸುತ್ತಲೂ ಉದುರುತ್ತಿತ್ತು. ಆ ಬೆಚ್ಚಗಿನ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ ನಾನು ಹಾಡು ಕಲಿತೆ. ಆ ಧಾಟಿ ಎಲ್ಲಿಗೂ ನೇರವಾಗಿ ಹೋಗುವುದಿಲ್ಲ. ಬಳಸುತ್ತದೆ, ತಿರುಗುತ್ತದೆ, ಹೊರಟ ಕಡೆಗೇ ಬಂದು ಒಮ್ಮೆ ನೋಡಿ ಮತ್ತೆ ಮುಂದೆ ಹೋಗುತ್ತದೆ.

ಹೀಗಿರುವಾಗ ಸರಕಾರಿ ದವಾಖಾನೆಯ ನರ್ಸಾಗಿ ಮಾರ್ಥಾ ಸಿಸ್ಟರ್ ವರ್ಗವಾಗಿ ಬಂದರು. ಬಾಗಲಕೋಟೆಯ ಹೆಣ್ಣುಮಕ್ಕಳ ವಸತಿಗೃಹದಲ್ಲಿ, ಪರದೇಶದಿಂದ ಬಂದ ಮಿಷನರಿ ಅಮ್ಮನವರೊಬ್ಬರ ಪೇಟಿಯ ಪಕ್ಕದಲ್ಲಿ ನಿಂತು ಹಾಡು ಕಲಿತವರು. ಅವರ ಧಾಟಿ ಅವರ ಇಂಜೆಕ್ಷನ್ನಿನಂತೆ: ನೇರ, ಚುರುಕು, ಮುಗಿದ ಮೇಲೆ ಒರೆಸಿ ಬಿಟ್ಟಂತೆ ಸ್ವಚ್ಛ. ಮೊದಲ ಭಾನುವಾರವೇ ನನ್ನ ಪಕ್ಕದ ನೀಲಿ ಪಟ್ಟಿಯ ಮೇಲೆ, ಕೇಳದೆಯೇ, ಕುಳಿತರು. ನಾನು ರಾಗ ಎತ್ತಿದೆ. ಅವರೂ ಎತ್ತಿದರು. ಹಾಡು ಒಂದೇ, ಧಾಟಿ ಎರಡು. ಇಬ್ಬರೂ ನಿಲ್ಲಿಸಲಿಲ್ಲ.

ಆರಾಧನೆ ಮುಗಿದ ಮೇಲೆ ಅವರೇ ಮಾತನಾಡಿಸಿದರು. "ಅಕ್ಕೋರ, ನಿಮ್ಮ ದನಿ ಭಾಳ ಛಲೋ ಐತ್ರಿ. ಜ್ವಾಳಾ ಬೀಸಾಕ ಹೇಳಿ ಮಾಡಿಸಿದಂಗೈತಿ."

"ನಿಮ್ಮದೂ ಛಲೋ ಐತಿ ಸಿಸ್ಟರ್. ಮಲಗಿದ ಪೇಷಂಟ್ ಎದ್ದು ಓಡತಾನ."

ಅಲ್ಲಿಂದ ಮುಂದೆ ಕೆಲವು ವರ್ಷ ನಮ್ಮಿಬ್ಬರ ನಡುವೆ ನಮಸ್ಕಾರವನ್ನು ಬಿಟ್ಟು ಬೇರೆ ಮಾತಿಲ್ಲ. ಜಾಗ ಬದಲಿಸಿದರೆ ಸೋತಂತೆ ಎಂದು ಇಬ್ಬರೂ ಅಲ್ಲೇ ಕುಳಿತೆವು. ಗಂಡಸರು ಸಿಸ್ಟರ್ ಅವರ ಧಾಟಿಯನ್ನು ಹಿಡಿದರು, ಹೆಂಗಸರು ನನ್ನದನ್ನು. ಸ್ವಂತ ಧಾಟಿಯೇ ಇಲ್ಲದ ಸಮುವೇಲಪ್ಪನವರು ಮೊದಲ ಚರಣವನ್ನು ನನ್ನಂತೆಯೂ ಎರಡನೆಯದನ್ನು ಸಿಸ್ಟರಂತೆಯೂ ಹಾಡಿ, ಯಾರ ಕಣ್ಣಿಗೂ ಬೀಳದಂತೆ ಪುಸ್ತಕದ ಹಿಂದೆ ಮುಖ ಇಟ್ಟುಕೊಳ್ಳುತ್ತಿದ್ದರು. ದೇವರು ಏನು ಕೇಳಿಸಿಕೊಂಡನೋ ನನಗೆ ತಿಳಿಯದು. ಗಟ್ಟಿಯಾಗಿ ಕೇಳಿಸಿಕೊಂಡನೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಸುಗ್ಗಿ ಹಬ್ಬ ಬಂತು. ನಮ್ಮಲ್ಲಿ ಅಂದು ಹೊಸ ಬೆಳೆಯ ಮೊದಲ ಪಾಲನ್ನು ದೇವರ ಮುಂದೆ ತಂದಿಡುತ್ತಾರೆ. ಜೋಳದ ತೆನೆ, ಶೇಂಗಾ, ಕುಸುಬಿ, ಕುಂಬಳಕಾಯಿ, ಜೊತೆಗೆ ಕಾಲು ಕಟ್ಟಿದ ಒಂದು ಕೋಳಿ. ಅದು ಪ್ರಾರ್ಥನೆಯ ಮೌನದಲ್ಲಷ್ಟೇ ಕೂಗುತ್ತಿತ್ತು. ಓಣಿಯವರನ್ನೂ ಕರೆಯುವುದು ವಾಡಿಕೆ. ಗಂಗವ್ವ ಹೊಸ ಸೀರೆ ಉಟ್ಟು ಬಂದು ಹೆಂಗಸರ ಕಡೆ ಕುಳಿತಿದ್ದಳು. ಸ್ತೋತ್ರದ ಹಾಡಿಗೆ ನಾನು ರಾಗ ಎತ್ತಿದೆ, ಸಿಸ್ಟರೂ ಎತ್ತಿದರು. ಬಂದವರು ಮುಖ ಮುಖ ನೋಡಿಕೊಂಡರು. ಆಗ, ಅಷ್ಟು ವರ್ಷ ಏನನ್ನೂ ತಡೆಯದ ಸಮುವೇಲಪ್ಪನವರು ಎರಡನೆಯ ಚರಣದ ನಡುವೆ ಕೈ ಎತ್ತಿದರು.

"ಅಕ್ಕೋರ, ಇವತ್ತೊಂದಿನ ನೀವು ಸುಮ್ನಿರ್ರಿ. ಮಂದಿ ಬಂದಾರ. ಸಿಸ್ಟರ್ ಒಬ್ಬರ ಹಾಡ್ಲಿ."

ಸಭೆಯ ಮುಂದೆ, ಬಂದ ಮಂದಿಯ ಮುಂದೆ, ಆ ಕೋಳಿಯ ಮುಂದೆ. ಸಿಸ್ಟರ್ ಉಳಿದ ಚರಣಗಳನ್ನು ಒಬ್ಬರೇ ಹಾಡಿ ಮುಗಿಸಿದರು. ಹೇಗೆ ಹಾಡಿದರೆಂದು ನಾನು ಹೇಳುವುದಿಲ್ಲ.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಯಜಮಾನರು "ಬರ್ತೀಯೇನು?" ಎಂದು ಕೇಳಿದರು, "ಇಲ್ಲ" ಎಂದೆ, ಅವರು ಹೋದರು. ಗಂಗವ್ವ ಹೇಳಿದ್ದೇ ನಿಜ, ದೇವರು ಅಡುಗೆಮನೆಯಲ್ಲೂ ಇದ್ದಾನೆ ಎಂದು ತೀರ್ಮಾನಿಸಿ ನಾನು ಮನೆಯಲ್ಲೇ ಆರಾಧನೆ ಆರಂಭಿಸಿದೆ.

ಮೊದಮೊದಲು ಬಹಳ ಸೊಗಸಾಗಿ ನಡೆಯಿತು. ಬೈಬಲಿನ ಪಾಠವನ್ನು ಓದಿದವಳು ನಾನು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಪ್ರಸಂಗ ಮಾಡಿದವಳು ನಾನು; ಕೇಳಿದವಳೂ ನಾನೇ. ಗರ್ವವನ್ನು ಕುರಿತು, ಅಂದರೆ ಇತರರ ಗರ್ವವನ್ನು ಕುರಿತು, ಅಂಥ ಪ್ರಸಂಗವನ್ನು ನಾನು ಈವರೆಗೆ ಬೇರೆಲ್ಲೂ ಕೇಳಿಲ್ಲ. ಯಾರೂ ತೂಕಡಿಸಲಿಲ್ಲ. ಪ್ರಾರ್ಥನೆಯಲ್ಲಿ ಸಮುವೇಲಪ್ಪನವರಿಗೆ ಬುದ್ಧಿಯನ್ನೂ ಮಾರ್ಥಾ ಸಿಸ್ಟರಿಗೆ ವರ್ಗಾವಣೆಯನ್ನೂ ಬೇಡಿಕೊಂಡು ಆಮೆನ್ ಎಂದೆ.

ತೊಡಕು ಬಂದದ್ದು ಸಮಾಧಾನದ ಹೊತ್ತಿಗೆ. ನಮ್ಮ ಸಭೆಯ ಈ ಪದ್ಧತಿಯನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಪವಿತ್ರ ಭೋಜನಕ್ಕೆ ಮೊದಲು ಸಭಾಪಾಲಕರು ಮೇಜಿನ ಬಳಿಯಿಂದ ಬಂದು ಮೊದಲ ಸಾಲಿನ ಮೊದಲಿಗರ ಜೋಡಿಸಿದ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು, ಸಮಾಧಾನವಿರಲಿ ಎನ್ನುತ್ತಾರೆ. ಆ ಮೊದಲಿಗರು ತಿರುಗಿ ಪಕ್ಕದವರ ಕೈ ಹಿಡಿಯುತ್ತಾರೆ. ಪಕ್ಕದವರು ಅವರ ಪಕ್ಕದವರ ಕೈ. ಹೀಗೆ ಕೈಯಿಂದ ಕೈಗೆ ಸಾಗಿ ಅದು ಬಾಗಿಲಲ್ಲಿ ಕುಳಿತ ಕೊನೆಯವರನ್ನು ಮುಟ್ಟಬೇಕು. ಯಾರೂ ತಾವಾಗಿಯೇ ತೆಗೆದುಕೊಳ್ಳುವಂತಿಲ್ಲ. ನನ್ನದು ಮೊದಲ ಜಾಗವಾದ್ದರಿಂದ ಸಭಾಪಾಲಕರ ಸಮಾಧಾನ ನನಗೆ ಬರುತ್ತಿತ್ತು. ನನ್ನಿಂದ ಹೋಗಬೇಕಾದದ್ದು ಮಾರ್ಥಾ ಸಿಸ್ಟರಿಗೆ. ಅಷ್ಟು ವರ್ಷವೂ ಬೆರಳ ತುದಿಗಳಿಂದ, ಬಿಸಿ ಪಾತ್ರೆ ಇಳಿಸುವವಳಂತೆ, ತಗಡಿನ ಮಾಡನ್ನು ನೋಡುತ್ತ ಕೊಟ್ಟಿದ್ದೆ. ಅವರೂ ಮಾಡನ್ನೇ ನೋಡುತ್ತ ತೆಗೆದುಕೊಂಡಿದ್ದರು. ಆದರೂ ಕೊಟ್ಟಿದ್ದೆ.

ಅಡುಗೆಮನೆಯಲ್ಲಿ ಎಡಕ್ಕೆ ತಿರುಗಿದೆ: ನೀರಿನ ಹಂಡೆ. ಬಲಕ್ಕೆ ತಿರುಗಿದೆ: ರೊಟ್ಟಿಯ ಬುಟ್ಟಿ. ಯಜಮಾನರು ಬರುವವರೆಗೆ ಕಾದು, ಅವರು ಚಹಾ ಕುಡಿದು ಮುಗಿಸುವಾಗ ಎದುರಿಗೆ ನಿಂತು ಎರಡೂ ಕೈ ಚಾಚಿದೆ. ಅವರು ಖಾಲಿ ಬಟ್ಟಲನ್ನು ನನ್ನ ಕೈಯಲ್ಲಿಟ್ಟು, "ಸಕ್ರಿ ಕಡಿಮಿ ಆಗಿತ್ತು" ಎಂದರು.

ಎರಡನೆಯ ತೊಡಕು ಹಾಡಿನದು. ಎದುರಾಳಿಯಿಲ್ಲದ ಹಾಡು ಮೊದಲ ಎರಡು ಸಾಲುಗಳಲ್ಲಿ ಮಲಪ್ರಭೆಯಂತೆ ಹರಿಯಿತು. ಮೂರನೆಯ ಸಾಲಿನ ನಡುವೆ ಉಸಿರು ಮುಗಿದು ನಿಂತಿತು. ಮರುದಿನದಿಂದ ಅಡುಗೆ ಮಾಡುತ್ತ ದಿನವೂ ಎತ್ತಿದೆ, ಅಲ್ಲೇ ನಿಂತಿತು. ಒಂದು ದಿನ ಗೋಡೆಯ ಆಚೆಯಿಂದ ಗಂಗವ್ವನ ದನಿ ಬಂತು.

"ಅಕ್ಕೋರ, ಮೂರನೇ ಸಾಲಿಗೆ ಯಾಕ್ರಿ ದಿನಾ ನಿಂದರ್ತೀರಿ? ಏರಿನ್ಯಾಗ ಚಕ್ಕಡಿ ನಿಂತಂಗ?"

"ವಯಸ್ಸಾತು" ಎಂದೆ.

"ಚರ್ಚಿನ್ಯಾಗ ವಯಸ್ಸಾಗಿರಲಿಲ್ಲೇನ್ರಿ? ಸುಗ್ಗಿ ಹಬ್ಬದಾಗ ನಾ ಕೇಳೇನಿ. ಅಲ್ಲೆ ನಿಂದರಲಿಲ್ಲ ಅದು."

ನಿಂತಿರಲಿಲ್ಲ, ನಿಜ. ಒಗ್ಗರಣೆಯ ಸೌಟು ಕೈಯಲ್ಲೇ ಉಳಿಯಿತು. ದೇವಾಲಯದಲ್ಲಿ ನಾನು ಉಸಿರು ತೆಗೆದುಕೊಳ್ಳುವಾಗ ಪಕ್ಕದಲ್ಲಿ ಮಾರ್ಥಾ ಸಿಸ್ಟರ್ ಹಾಡುತ್ತಿದ್ದರು. ಧಾಟಿ ಅವರದೇ, ಆದರೆ ಪದಗಳು ಅವೇ. ಹಾಡು ನೆಲಕ್ಕೆ ಬೀಳುತ್ತಿರಲಿಲ್ಲ. ಆ ಸೇತುವೆಯ ಮೇಲೆ ಕಾಲಿಟ್ಟು ನಾನು ಆಚೆಗೆ ದಾಟಿಬಿಡುತ್ತಿದ್ದೆ. ಆಗ ಅವ್ವ, ಚಿಗವ್ವ ನೆನಪಿಗೆ ಬಂದರು. ಅವ್ವನ ದನಿ ಎಲ್ಲಿ ಇಳಿಯುತ್ತಿತ್ತೋ ಅಲ್ಲಿ ಚಿಗವ್ವನದು ಏರುತ್ತಿತ್ತು. ಆ ಸಾಲು ಒಬ್ಬಳ ಉಸಿರಿಗಿಂತ ಉದ್ದವಾಗಿರುವುದು ಹಾಡು ಕಟ್ಟಿದವರ ತಪ್ಪಲ್ಲ. ಅದು ಇಬ್ಬರಿಗಾಗಿ ಕಟ್ಟಿದ ಧಾಟಿ. ಅವ್ವ ಇದನ್ನು ನನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಯಾರಾದರೂ ಒಬ್ಬಳೇ ಕುಳಿತಿದ್ದರೆ ತಾನೇ ಹೇಳುವ ಮಾತು!

ಇದನ್ನು ತಿಳಿದು ನನಗೆ ಸಂತೋಷವಾಯಿತೆಂದು ಭಾವಿಸಬೇಡಿ. ಸಿಟ್ಟು ಬಂತು. ಎರಡನೆಯವಳು ಬೇಕೇ ಬೇಕೆಂದಾದರೆ ದೇವರಿಗೆ ಇಳಕಲ್ಲಿನಲ್ಲಿ ಬೇರೆ ಯಾರೂ ಸಿಗಲಿಲ್ಲವೇ? ಆದರೂ ಅಂದು ಗೋಡೆಯ ಬಳಿ ಹೋಗಿ ಗಂಗವ್ವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಕೊಟ್ಟೆ.

"ಗಂಗವ್ವಾ, ದೇವರು ಮನ್ಯಾಗೂ ಸಿಗತಾನ. ಸಮಾಧಾನ ಸಿಗಂಗಿಲ್ಲ. ಅದನ್ನ ಮಂದಿ ಕೈಯಿಂದ ಇಸಗೋಬೇಕು."

"ಯಾವ ಮಂದಿ?"

"ಪಕ್ಕದಾಗ ಕುಂತವರು. ಭಾಳ ಮಾಡಿ ನಮಗ ಬ್ಯಾಡಾದವರ ಕುಂತಿರ್ತಾರ."

ಗಂಗವ್ವ ನೂಲು ಬಿಟ್ಟು ನಕ್ಕಳು. "ಯಪ್ಪಾ! ನಮ್ಮ ಅತ್ತಿ ಕೈಯಿಂದ ನಾ ಇಸಗೊಂಡಂಗಾತು!"

ತಿಳಿಯುವುದು ಒಂದು, ಹೋಗುವುದು ಇನ್ನೊಂದು. ಕರೆಯಲು ಯಾರೂ ಬಂದಿರಲಿಲ್ಲ. ಸಮುವೇಲಪ್ಪನವರು ಒಮ್ಮೆ ನಮ್ಮ ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ, ಯಜಮಾನರಲ್ಲಿ ಬಾದಾಮಿ ಬಸ್ಸಿನ ವೇಳೆ ಕೇಳಿ ಹೋಗಿದ್ದರು. ಅವರಿಗೆ ಬಾದಾಮಿಯಲ್ಲಿ ಯಾರೂ ಇಲ್ಲ. ಕರೆಯದೆ ಹೋದರೆ ನನ್ನ ಮರ್ಯಾದೆ ಹೋಗುತ್ತದೆ. ಹೋಗದಿದ್ದರೆ ನನ್ನ ಜಾಗ ಹೋಗುತ್ತದೆ. ಒಮ್ಮೆ ಬೇರೆಯವರು ಕುಳಿತು ರೂಢಿಯಾದರೆ ಆ ದೇವಾಲಯದಲ್ಲಿ ನಾನು ಬಂದವರ ಪೈಕಿ ಒಬ್ಬಳು, ಅಷ್ಟೆ. ಈ ಭಯ ನನ್ನನ್ನು ಕೊರೆಯತೊಡಗಿತು. ಒಂದು ಭಾನುವಾರ ಯಜಮಾನರು ಅಂಗಿ ಕಳಚುವ ಮೊದಲೇ ಕೇಳಿದೆ.

"ನನ್ನ ಜಾಗದಾಗ ಯಾರ ಕುಂತಿದ್ರು?"

"ಯಾರೂ ಇಲ್ಲ."

"ಖಾಲಿ ಬಿಟ್ಟಾರ?"

"ಸಿಸ್ಟರ್ ತಮ್ಮ ಚೀಲಾ ಇಡ್ತಾರ."

"ಯಾವಾಗಿಂದ?"

"ನೀ ಬಿಟ್ಟಾಗಿಂದ. ಮೊನ್ನೆ ಪಾಸ್ಟರ್ ಮನಿಯವರು ಬಂದಿದ್ರು. ಕುಂದ್ರಾಕ ಹೋದ್ರ, ಆ ಜಾಗಾ ಹಿಡದೈತ್ರಿ ಅಂದ್ರು ಸಿಸ್ಟರ್."

"ಯಾರಿಗಂತ ಹಿಡದೈತಿ? ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ" ಎಂದು ಅವರು ಗುಂಡಿ ಬಿಚ್ಚತೊಡಗಿದರು. ಅಂಗಿಯನ್ನು ಗೂಟಕ್ಕೆ ಹಾಕುತ್ತ, ತಡವಾದ ಬಸ್ಸಿನ ವಿಷಯ ತಿಳಿಸುವವರಂತೆ ಹೇಳಿದರು: "ಕಿಟಿಕ್ಯಾಗಿಂದ ದಸ್ತಿ ಹಾಕಿ ಸೀಟ್ ಹಿಡೀತಾರಲ್ಲ, ಹಂಗ. ಬರೂ ಅವರಿಗೆ."

ಇದನ್ನು ನಾನು ಮೊದಲು ಅವಮಾನವೆಂದೇ ಭಾವಿಸಿದೆ. ಬಿದ್ದ ಹಲ್ಲಿನ ಜಾಗದಂತೆ ನನ್ನ ಗೈರುಹಾಜರಿಯನ್ನು ಸಭೆಗೆ ವಾರಾವಾರ ತೋರಿಸುವ ಯುಕ್ತಿ! ನನ್ನ ಕೆಂಪು ಪಟ್ಟಿಯ ಮೇಲೆ ಅವರ ದವಾಖಾನೆಯ ಚೀಲ! ಅದನ್ನು ಎತ್ತಿಸಿಯೇ ತೀರುತ್ತೇನೆಂದು, ಪವಿತ್ರ ಭೋಜನದ ಭಾನುವಾರ ಇಳಕಲ್ ಸೀರೆ ಉಟ್ಟು, ಸೆರಗು ಸರಿಪಡಿಸಿಕೊಂಡು, ಯಜಮಾನರಿಗಿಂತ ಮುಂದಾಗಿ ನಡೆದೆ. ಸಿಟ್ಟಿನಿಂದ ಹೋದರೂ ಹೋದಂತೆಯೇ. ಬಾಗಿಲಲ್ಲಿ ಯಾರೂ ಕಾರಣ ಕೇಳುವುದಿಲ್ಲ.

ಬಾಗಲಕೋಟೆಯ ಬಸ್ಸು ಅಂದು ಬೇಗ ಬಂದಿತ್ತು. ಸಭೆ ಕುಳಿತಾಗಿತ್ತು. ಚೀಲ ಅಲ್ಲೇ ಇತ್ತು. ನಾನು ಹತ್ತಿರ ಹೋದಾಗ ಮಾರ್ಥಾ ಸಿಸ್ಟರ್ ನನ್ನ ಕಡೆ ನೋಡದೆಯೇ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. ನಾನು ಕುಳಿತೆ. ಸಮುವೇಲಪ್ಪನವರು ಹಾಡು ಸೂಚಿಸಿದರು, ನಮ್ಮಿಬ್ಬರನ್ನೂ ನೋಡಿದರು. "ಯಾರರ ಎತ್ರಿ" ಎಂದರು.

ಸಿಸ್ಟರ್ ಎತ್ತಲಿಲ್ಲ. ಕಾದೆ, ಆಗಲೂ ಎತ್ತಲಿಲ್ಲ. ನಾನು ಎತ್ತಿದೆ. ಮೊದಲ ಸಾಲು, ಎರಡನೆಯ ಸಾಲು, ಇಡೀ ದೇವಾಲಯದಲ್ಲಿ ನನ್ನದೇ ಧಾಟಿ. ಗಂಡಸರು ಕೂಡ ಅತ್ತಲಿಂದ ಅಂಜುತ್ತ ಅಂಜುತ್ತ ಅದನ್ನೇ ಹಿಡಿದಿದ್ದರು. ವರ್ಷಗಳಿಂದ ಬಯಸಿದ ಗೆಲುವು. ಮೂರನೆಯ ಸಾಲು ಬಂತು. ಉಸಿರು ತೀರುತ್ತ ಬಂತು. ಹಿಂದಿನವರೆಲ್ಲ ನನ್ನನ್ನೇ ನಂಬಿದವರು. ನಾನು ನಿಂತರೆ ನಿಲ್ಲುವವರು. ನಿಂತೆ.

ಆಗ ಪಕ್ಕದಿಂದ ಮಾರ್ಥಾ ಸಿಸ್ಟರ್ ಎತ್ತಿದರು. ತಮ್ಮ ಧಾಟಿಯಲ್ಲಲ್ಲ, ನನ್ನದರಲ್ಲಿ. ಅಷ್ಟು ವರ್ಷ ಪಕ್ಕದಲ್ಲಿ ಕುಳಿತು, ನನ್ನನ್ನು ಅಡಗಿಸಲು ಹಾಡುತ್ತ ಹಾಡುತ್ತ, ಅದನ್ನು ಪೂರ್ತಿ ಕಲಿತುಬಿಟ್ಟಿದ್ದರು. ಪೂರ್ತಿ ಎಂದೆನೇ? ಬಳಸಬೇಕಾದ ಕಡೆ ಬಳಸಲಿಲ್ಲ. ಅಲ್ಲೂ ಇಂಜೆಕ್ಷನ್ನಿನಂತೆ ನೇರ ಹೋದರು. ಕಣ್ಣು ತೇವವಾಗಿದ್ದರೂ ನನ್ನ ಕಿವಿ ಇದನ್ನು ಸಹಿಸಲಿಲ್ಲ. ಮೊಣಕೈಯಿಂದ ಅವರ ಪಕ್ಕೆಗೆ ತಿವಿದು, "ಬಳಸ್ರಿ, ಬಳಸ್ರಿ!" ಎಂದೆ. ಮೆಲ್ಲಗೆ ಎಂದೆನೆಂದು ನಾನು ತಿಳಿದಿದ್ದೆ. ಬಾಗಿಲವರೆಗೂ ಕೇಳಿತಂತೆ. ಮೊದಲು ನಕ್ಕವರು ಸಮುವೇಲಪ್ಪನವರು, ಅದೂ ಪುಸ್ತಕವನ್ನು ಕೆಳಗಿಟ್ಟು. ಆಮೇಲೆ ಗಂಡಸರ ಕಡೆ, ಆಮೇಲೆ ಹೆಂಗಸರ ಕಡೆ. ಸಭಾಪಾಲಕರು ಮೇಜಿನ ಕಡೆಗೆ ತಿರುಗಿ ನಿಂತರು, ಅವರ ಭುಜಗಳು ಕುಣಿಯುತ್ತಿದ್ದವು. ಹಾಡನ್ನು ಮೊದಲಿನಿಂದ ಎತ್ತಬೇಕಾಯಿತು.

ಸಮಾಧಾನದ ಹೊತ್ತು ಬಂತು. ಸಭಾಪಾಲಕರಿಂದ ತೆಗೆದುಕೊಂಡು ಪಕ್ಕಕ್ಕೆ ತಿರುಗಿದೆ. ಈ ಸಲ ಬೆರಳ ತುದಿಯಲ್ಲ, ಪೂರ್ತಿ ಅಂಗೈ. ಅವರ ಕೈಗಳು ದವಾಖಾನೆಯ ಸಾಬೂನಿನಿಂದ ಒರಟಾಗಿದ್ದವು, ಬೆಚ್ಚಗಿದ್ದವು.

"ಬರೂದು ಬರ್ತೀರಿ, ಒಂದೀಟು ಲಗೂನ ಬರಬಾರದೇನ್ರಿ?" ಎಂದರು ಮಾರ್ಥಾ ಸಿಸ್ಟರ್, ಮಾಡನ್ನು ನೋಡದೆ ನನ್ನನ್ನೇ ನೋಡುತ್ತ. "ಒಬ್ಬಾಕಿ ಒದರಿ ಒದರಿ ಗಂಟಲಾ ಹರದಹೋತು."

"ಅವತ್ತ ನನ್ನ ಸುಮ್ನಿರ್ಸಿದಾಗ ನೀವೇನಂದ್ರಿ?"

"ಏನೂ ಅನಲಿಲ್ಲ."

"ಅದು ನನಗ ನೆನಪೈತಿ."

"ನೆನಪಿರ್ಲಿ, ಎಲ್ಲಿಗೆ ಹೊಕ್ಕೈತಿ. ಆ ಮೂರನೇ ಸಾಲು ಹೆಂಗ ಬಳಸೂದು, ಅದನ್ನಷ್ಟು ತೋರಸ್ರಿ."

ಹಿಡಿದ ಕೈಗಳನ್ನು ಬಿಡದೆಯೇ ನಾನು ಸಣ್ಣ ದನಿಯಲ್ಲಿ ತೋರಿಸತೊಡಗಿದೆ. ಧಾಟಿ ಏರಿದಲ್ಲಿ ನಮ್ಮ ಕೈಗಳೂ ಏರಿದವು, ತಿರುಗಿದಲ್ಲಿ ತಿರುಗಿದವು. ಒಂದು ಸಲ ತಪ್ಪಿದರು. ಮತ್ತೆ ಮೊದಲಿನಿಂದ ಹೇಳಿಕೊಟ್ಟೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ನಮ್ಮ ಹಿಂದೆ ಸಾಲು ಸಾಲು ಹೆಂಗಸರು ಕೈ ಜೋಡಿಸಿಕೊಂಡು ಕಾಯುತ್ತಿದ್ದರು. ಕೊನೆಗೆ, ಬಾಗಿಲ ಬಳಿ ಎಲ್ಲರಿಗಿಂತ ಹಿಂದೆ ಕುಳಿತಿದ್ದ ಮುದುಕಿ ಎಸ್ತೇರಜ್ಜಿಯ ದನಿ ಎದ್ದಿತು.

"ಏ ಅಕ್ಕೋರ, ಸಮಾಧಾನಾ ಪೂರಾ ಅಲ್ಲೇ ಹಿಡಕೊಂಡ ಕುಂತೀರೇನ್ರಿ? ಹಿಂದ ನಾವೂ ಅದೀವಿ! ಒಂದೀಟ ಈ ಕಡೆ ಬರಗೊಡ್ರಿ!"

ಮಾರ್ಥಾ ಸಿಸ್ಟರ್ ನನ್ನ ಕೈ ಬಿಡದೆ ಹಿಂದಕ್ಕೆ ಕತ್ತು ತಿರುಗಿಸಿ ಹೇಳಿದರು: "ತಡಿಯಬೇ ಅಜ್ಜಿ, ಇನ್ನೊಂದ ತಿರುವು ಬಾಕಿ ಐತಿ."